ಬೇಸ್ ಹುಡುಗನಿಗೆ ಹೆಸರೇ ಇಲ್ಲ

ನಿನ್ನೆ ರಾತ್ರಿ ಮತ್ತೆ 'ದಟ್ ಥಿಂಗ್ ಯು ಡೂ' ನೋಡಿದೆ. ಎಷ್ಟನೇ ಸಲ ಅಂತ ಕೇಳಬೇಡಿ, ಮನೆಯವರೇ ಕೇಳೋದು ಬಿಟ್ಟಿದ್ದಾರೆ. ನೋಡಿ ಖುಷಿಯಾಗಿ ಮಲಗಬೇಕಿತ್ತು. ಸಿಟ್ಟು ಬಂದು ಎದ್ದು ಕೂತಿದ್ದೇನೆ.

ನೋಡದವರಿಗೆ ಎರಡು ಮಾತು. ಟಾಮ್ ಹ್ಯಾಂಕ್ಸ್ ನಿರ್ದೇಶನದ 1996ರ ಸಿನಿಮಾ. ಕಥೆ ನಡೆಯೋದು 1964ರಲ್ಲಿ, ಪೆನ್ಸಿಲ್ವೇನಿಯಾದ ಈರಿ ಅನ್ನೋ ಊರಲ್ಲಿ ಶುರುವಾಗಿ. ವಂಡರ್ಸ್ ಅನ್ನೋ ಕಟ್ಟುಕಥೆಯ ಬ್ಯಾಂಡ್ ಒಂದೇ ಒಂದು ಹಾಡಿನಿಂದ ಮೇಲೇರಿ, ಕೆಲವೇ ತಿಂಗಳಲ್ಲಿ ಚೂರುಚೂರಾಗುತ್ತದೆ.

ಆ ಬ್ಯಾಂಡಿನಲ್ಲಿ ಬೇಸ್ ಅನ್ನೋ ದಪ್ಪ ದನಿಯ ಗಿಟಾರ್ ನುಡಿಸೋ ಹುಡುಗನಿಗೆ ಇಡೀ ಸಿನಿಮಾದಲ್ಲಿ ಹೆಸರಿಲ್ಲ. ಕೊನೆಯ ಪಟ್ಟಿಯಲ್ಲಿ 'ಟಿ. ಬಿ. ಪ್ಲೇಯರ್' ಅಂತ ಬರುತ್ತದೆ. ಅಂದರೆ 'ದಿ ಬೇಸ್ ಪ್ಲೇಯರ್'! ತಮಾಷೆ, ಒಪ್ಪಿಕೊಳ್ತೇನೆ. ಆದರೆ ನಾನೂ ನಮ್ಮ ಬ್ಯಾಂಡಿನಲ್ಲಿ ಬೇಸ್ ಬಾರಿಸುತ್ತಿದ್ದವನೇ ಅಂತ ನಿಮಗೆಲ್ಲ ಗೊತ್ತಲ್ವಾ? ಇನ್ನೂ ಮಜಾ ಏನಂದರೆ, ಸಿನಿಮಾದ ಆ ಹಿಟ್ ಹಾಡನ್ನು ನಿಜವಾಗಿ ಬರೆದವನು ಆಡಮ್ ಶ್ಲೆಸಿಂಜರ್. ಅವನೇ ಒಂದು ಬ್ಯಾಂಡಿನ ಬೇಸ್ ವಾದಕನಾಗಿದ್ದ. ಹೋಗಲಿ ಬಿಡಿ.

ನನ್ನ ಸಿಟ್ಟು ಅದರ ಮೇಲಲ್ಲ. ಡ್ರಮ್ಮರ್ ಮೇಲೆ. ಅಲ್ಲ, ಡ್ರಮ್ಮರ್ ಪರವಾಗಿ.

ಬ್ಯಾಂಡಿನ ಡ್ರಮ್ಮರ್ ಕೈ ಮುರಿದುಕೊಳ್ಳುತ್ತಾನೆ. ಅಪ್ಪನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡೋ ಗೈ ಅನ್ನೋ ಹುಡುಗ ಅವನ ಬದಲಿಗೆ ಬಂದು ಕೂರುತ್ತಾನೆ. ಬ್ಯಾಂಡಿನ ಹಾಡುಗಾರ ಜಿಮ್ಮಿ ಬರೆದದ್ದು ನಿಧಾನದ, ಅಳುಬುರುಕ ಪ್ರೇಮಗೀತೆ. ಸ್ಪರ್ಧೆಯ ವೇದಿಕೆ ಮೇಲೆ ಗೈ ಕೋಲು ಬಡಿದು, ಬೇಕಾದ್ದಕ್ಕಿಂತ ಎಷ್ಟೋ ಜೋರು ವೇಗದಲ್ಲಿ ಶುರುಮಾಡಿಬಿಡುತ್ತಾನೆ. ಜಿಮ್ಮಿಯ ಮುಖ ಕೆಡುತ್ತದೆ. ಕೆಳಗೆ ಕೂತವರು ಎದ್ದು ಕುಣಿಯುತ್ತಾರೆ. ಹಾಡು ಹಿಟ್ ಆಗಿದ್ದು ಆ ಕ್ಷಣದಲ್ಲಿ.

ಈಗ ಹೇಳಿ, ಆ ಹಾಡು ಯಾರದ್ದು?

ಸಿನಿಮಾ ಈ ಪ್ರಶ್ನೆಯನ್ನು ಎದುರಿಗೇ ಇಟ್ಟು, ಆಮೇಲೆ ಮರೆತೇ ಹೋಗುತ್ತದೆ. ಮೊದಲ ಸಲ ರೇಡಿಯೋದಲ್ಲಿ ಹಾಡು ಬಂದಾಗ ಎಲ್ಲರೂ ಬೀದಿಯಲ್ಲಿ ಓಡಿ ಬಂದು, ಆ ಅಂಗಡಿಯಲ್ಲಿದ್ದ ರೇಡಿಯೋಗಳನ್ನೆಲ್ಲ ಹಚ್ಚಿ ಕಿರುಚಿ ಕುಣಿಯುತ್ತಾರೆ. ಆ ದೃಶ್ಯಕ್ಕೆ ನನಗೆ ಇವತ್ತಿಗೂ ಕಣ್ಣು ಒದ್ದೆಯಾಗುತ್ತದೆ. ಆದರೆ ಲೆಕ್ಕ ನೋಡಿ. ಅಮೆರಿಕದಲ್ಲಿ ಎ.ಎಮ್., ಎಫ್.ಎಮ್. ರೇಡಿಯೋದವರು ದುಡ್ಡು ಕೊಡೋದು ಹಾಡು ಬರೆದವರಿಗೆ ಮತ್ತು ಅದರ ಪ್ರಕಾಶಕರಿಗೆ. ನುಡಿಸಿದವರಿಗೆ ಇವತ್ತಿಗೂ ಇಲ್ಲ. ಅಂದರೆ ಅಷ್ಟು ಜನ ಕುಣಿಯುತ್ತಿದ್ದಾಗ ಬ್ಯಾಂಡಿನಲ್ಲಿ ಜೇಬು ತುಂಬುತ್ತಿದ್ದದ್ದು ಜಿಮ್ಮಿಯದ್ದು ಮಾತ್ರ. ಗೈ ಸುಮ್ನೆ ಕುಣಿದ.

ಕೊನೆಗೆ ಬ್ಯಾಂಡ್ ಒಡೆಯೋದು ಹೇಗೆ? ಬೇಸ್ ಹುಡುಗ ಸೈನ್ಯಕ್ಕೆ, ಗಿಟಾರ್ ಹುಡುಗ ಮದುವೆಯಾಗಲು ಲಾಸ್ ವೇಗಸ್‌ಗೆ. ಕಂಪನಿ ಹೇಳಿದ್ದನ್ನು ಹಾಡಲ್ಲ ಅಂತ ಜಿಮ್ಮಿ ಸ್ಟುಡಿಯೋದಿಂದ ಎದ್ದು ಹೋಗುತ್ತಾನೆ. ಎಲ್ಲಾ ಬ್ಯಾಂಡ್ ಕಥೆಗಳೂ ಹೀಗೇ. ಜಂಬ, ಕುಡಿತ, ಇಲ್ಲವೇ ಯಾರದ್ದೋ ಗೆಳತಿ. ಪಾಪ, ಆ ಗೆಳತಿಯರು! ಹಾಡಿನ ಕೆಳಗೆ ಯಾರ ಹೆಸರು ಅನ್ನೋ ಜಗಳ ಮಾತ್ರ ತೆರೆ ಮೇಲೆ ಬರೋದೇ ಅಪರೂಪ.

"ದುಡ್ಡಿಗಾಗಿ ಸಂಗೀತ ಮಾಡ್ತಾರೇನೋ? ಬರೆದವನದ್ದೇ ಹಾಡು" ಅಂತ ಒಬ್ಬ ಗೆಳೆಯ ಈಗಾಗಲೇ ಮೆಸೇಜ್ ಹಾಕಿದ್ದಾನೆ. ಅವನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ. ಸರಿ, ಪ್ರೋಕಲ್ ಹಾರಮ್ ಬ್ಯಾಂಡಿನ 1967ರ ಪ್ರಸಿದ್ಧ ಹಾಡು 'ಎ ವೈಟರ್ ಶೇಡ್ ಆಫ್ ಪೇಲ್' ಕೇಳಿದ್ದೀಯಾ? ಅದರಲ್ಲಿ ನೆನಪಲ್ಲಿ ಉಳಿಯೋದು ಮೊದಲಿಗೆ ಬರೋ ಆರ್ಗನ್. ಅದನ್ನು ನುಡಿಸಿದ ಮ್ಯಾಥ್ಯೂ ಫಿಶರ್ ಹೆಸರು ಬರೆದವರ ಪಟ್ಟಿಯಲ್ಲಿ ಇರಲಿಲ್ಲ. ಕೋರ್ಟಿಗೆ ಹೋದ. ಕೊನೆಗೆ 2009ರಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವನ ಪಾಲು ಎತ್ತಿಹಿಡಿಯಿತು. ನಲವತ್ತೆರಡು ವರ್ಷ! ಇನ್ನೊಂದು ಕಡೆ ಆರ್.ಇ.ಎಮ್. ಬ್ಯಾಂಡ್. ಯಾರು ಬರೆದರೂ ಹಾಡಿಗೆ ಎಲ್ಲರ ಹೆಸರು. 1980ರಲ್ಲಿ ಶುರುವಾಗಿ 2011ರಲ್ಲಿ ಕಚ್ಚಾಡದೆ ಕೈಮುಗಿದು ಮುಗಿಸಿದರು. ಕಾರಣ ಅದೊಂದೇ ಅಂತ ನಾನು ಹೇಳಲ್ಲ. ಆದರೆ ಹೆಸರಿಗಾಗಿ ಕಿತ್ತಾಡೋ ಅವಕಾಶವೇ ಇರಲಿಲ್ಲ ಅಲ್ವಾ?

ಇಷ್ಟೆಲ್ಲ ಉಪದೇಶ ಮಾಡ್ತಿರೋನು ಯಾರು ಗೊತ್ತಾ?

ನಮ್ಮ ಬ್ಯಾಂಡ್ ಗೊತ್ತಲ್ಲ ನಿಮಗೆ. ಒಂದೇ ಒಂದು ಹಾಡು ರೆಕಾರ್ಡ್ ಮಾಡಿದ್ದೆವು. ಸಾಲು ನನ್ನದು, ಧಾಟಿ ನನ್ನದು. ಎರಡನೇ ಚರಣ ಮುಗಿದ ಮೇಲೆ ಎಲ್ಲ ನಿಂತು, ಬರೀ ಡ್ರಮ್ ಮಾತಾಡೋ ನಾಲ್ಕು ಸುತ್ತು ಇದೆ. ಕೇಳಿದವರೆಲ್ಲ ಮೇಜಿನ ಮೇಲೆ ಬಡಿದು ತೋರಿಸುತ್ತಿದ್ದದ್ದು ಅದನ್ನೇ. ಅದು ನಮ್ಮ ಡ್ರಮ್ಮರ್ ಹುಡುಗನದ್ದು. ನನ್ನ ತಲೆಗೆ ಹೊಳೆದದ್ದಲ್ಲ. ಹೊಳೆಯುತ್ತಲೂ ಇರಲಿಲ್ಲ.

ನೆಟ್ಟಿಗೆ ಹಾಕೋಕೆ ಅಕೌಂಟ್ ಮಾಡಿದ್ದು ಅವನೇ. ವಿವರ ತುಂಬಿದ್ದು ನಾನು. 'ರಚನೆ' ಅನ್ನೋ ಜಾಗದಲ್ಲಿ ನನ್ನ ಹೆಸರೊಂದೇ ಬರೆದೆ. ಅವನು ನೋಡಿದ. "ಚೆನ್ನಾಗಿ ಬಂದಿದೆ" ಅಂದ. ಸಿಂಬಲ್‌ಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದ. ಮುಂದಿನ ವಾರ ಪ್ರಾಕ್ಟೀಸ್‌ಗೆ ಬರಲಿಲ್ಲ. ಅವನಿಗೆ ಟೈಮ್ ಇಲ್ಲ, ಅದಕ್ಕೇ ಬ್ಯಾಂಡ್ ಒಡೆಯಿತು ಅಂತ ಇಷ್ಟು ವರ್ಷ ನಿಮಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಈಗಷ್ಟೇ ಆ ಪುಟ ತೆರೆದು ನೋಡಿದೆ. ತಿದ್ದೋಣ ಅಂತ ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿದೆ. ಅದು ನನಗೆ ಮರೆತು ಎಷ್ಟೋ ಕಾಲವಾಯಿತು. ಅವನ ಹತ್ತಿರ ಇದ್ದೇ ಇರುತ್ತದೆ. ಇಷ್ಟು ವರ್ಷದಲ್ಲಿ ಯಾವತ್ತು ಬೇಕಾದರೂ ಅವನೇ ತಿದ್ದಬಹುದಿತ್ತು. ಇನ್ನೂ ನನ್ನ ಹೆಸರೊಂದೇ ಇದೆ.