ಎಂಬತ್ತು ಲಕ್ಷ ಉಳಿಯತ್ತಂತೆ!

ನಿನ್ನೆ ನಮ್ಮ ಹಾಸನದ ಬಿ.ಎಂ. ರಸ್ತೆಯ ಛತ್ರದಲ್ಲಿ ಮದುವೆ ಊಟ. ಹೋಳಿಗೆಗೆ ತುಪ್ಪ ಬೀಳೋ ಮೊದಲೇ ನಮ್ಮಣ್ಣನ ಮಗ ಮೊಬೈಲ್ ತೆಗೆದ. "ಅತ್ತೆ, ನಿಮ್ಮ ವಿದ್ಯಾನಗರದ ಮನೆ 1.40 ಕೋಟಿಗೆ ಹೋಗತ್ತೆ. 60 ಲಕ್ಷಕ್ಕೆ ಫ್ಲ್ಯಾಟ್ ತಗೊಳ್ಳಿ. 80 ಲಕ್ಷ ಎಫ್‌ಡಿ ಇಟ್ಟು ಆರಾಮಾಗಿರಿ." ಪಂಕ್ತೀಲಿದ್ದ ಅಷ್ಟೂ ಜನ ತಲೆ ಆಡಿಸಿದರು. ನಾನು ಹೈಸ್ಕೂಲಲ್ಲಿ ಲೆಕ್ಕದ ಪಾಠ ಹೇಳ್ತಿದ್ದೆ ಅನ್ನೋದು ಅವನಿಗೆ ಮರೆತಿದೆ.

ಕಳೆಯೋ ಲೆಕ್ಕ ಸರಿಯಾಗೇ ಮಾಡಿದಾನೆ, ಶಭಾಷ್. ಆದರೆ ಈ ಮನೆಯಿಂದ ಆ ಮನೆಗೆ ಹೋಗೋ ಖರ್ಚು ಯಾರಪ್ಪ ಕೊಡೋರು? 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೇ 1 ಪರ್ಸೆಂಟ್ ಇದ್ದದ್ದು 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿದ್ರೆ 7.6. ಅಂದ್ರೆ 60 ಲಕ್ಷದ ಫ್ಲ್ಯಾಟಿಗೆ ನಾಲ್ಕೂವರೆ ಲಕ್ಷ ಸಬ್‌ ರಿಜಿಸ್ಟ್ರಾರ್ ಆಫೀಸಿಗೆ. ಕಟ್ಟಡ ಇನ್ನೂ ಮುಗಿದಿಲ್ಲ ಅಂದ್ರೆ 5 ಪರ್ಸೆಂಟ್ ಜಿಎಸ್‌ಟಿ ಬೇರೆ. ಬ್ರೋಕರು ಮಾರುವಾಗಲೂ ಕೈ ಚಾಚ್ತಾನೆ, ಕೊಳ್ಳುವಾಗಲೂ.

ಅಸಲಿ ತಮಾಷೆ ಆದಾಯ ತೆರಿಗೇದು. ಮನೆ ಮಾರಿದ ಲಾಭಾನ ಪೂರ್ತಿ ಇನ್ನೊಂದು ಮನೆಗೇ ಸುರಿದ್ರೆ ತೆರಿಗೆ ಇಲ್ಲ. ಚಿಕ್ಕ ಮನೆ ತಗೊಂಡು ದುಡ್ಡು ಉಳಿಸಿದ್ರೆ, ಆ ಉಳಿಸಿದ್ದಕ್ಕೇ ತೆರಿಗೆ! ಲಾಭ 1 ಕೋಟಿ ಅಂತಿಟ್ಕೊಳ್ಳಿ, ಫ್ಲ್ಯಾಟಿಗೆ ನೋಂದಣಿ ಸೇರಿ 65 ಲಕ್ಷ ಹೋಯ್ತು. ಮಿಕ್ಕ 35 ಲಕ್ಷಕ್ಕೆ 12.5 ಪರ್ಸೆಂಟಿನ ಹಾಗೆ ನಾಲ್ಕು ಲಕ್ಷದ ಮೇಲೆ ಕಟ್ಟಬೇಕು. ಆರು ತಿಂಗಳೊಳಗೆ ಸರ್ಕಾರಿ ಬಾಂಡಿಗೆ ಹಾಕಿದ್ರೆ 50 ಲಕ್ಷದವರೆಗೆ ವಿನಾಯಿತಿ ಇದೆ, ಹೌದು. ಆದರೆ ಐದು ವರ್ಷ ಮುಟ್ಟೋ ಹಾಗಿಲ್ಲ. ಆರಾಮಾಗಿರಿ ಅತ್ತೆ ಅಂದನಲ್ಲ, ಆ ಆರಾಮ ಶುರುವಾಗೋ ಹೊತ್ತಿಗೆ ನನ್ನ ವಯಸ್ಸೆಷ್ಟಾಗಿರತ್ತೆ, ಅದನ್ನೂ ಮೊಬೈಲಲ್ಲೇ ನೋಡ್ಲಿ.

ಮಂಡಿ ನೋವಿದೆ, ದೊಡ್ಡ ಮನೆ ಗುಡಿಸೋರ್ಯಾರು ಅಂತೀರಾ. ಸರಿ. ಫ್ಲ್ಯಾಟಲ್ಲಿ ಲಿಫ್ಟ್ ಇರತ್ತೆ, ಅದರ ಜೊತೆ ಸಾಯೋತನಕ ತಿಂಗಳು ತಿಂಗಳು ಮೇಂಟೆನೆನ್ಸೂ ಇರತ್ತೆ. ಆ ದುಡ್ಡಿಗೆ ಇಲ್ಲೇ ಒಬ್ಬರನ್ನ ಕೆಲಸಕ್ಕೆ ಇಟ್ಕೋಬಹುದು. ಇನ್ನು ಹಾಸನಾಂಬೆ ಬಾಗಿಲು ತೆಗೆದ ದಿನದಿಂದ ಬೆಂಗಳೂರು, ಮೈಸೂರಿಂದ ಬಂದಿಳಿಯೋ ನೆಂಟರು, ಈ ಅಳಿಯನ ಸಂಸಾರವೂ ಸೇರಿ, ಎರಡು ಬೆಡ್‌ರೂಮಲ್ಲಿ ಎಲ್ಲಿ ಮಲಗ್ತಾರೆ? ಲಿಫ್ಟಲ್ಲಾ?

ಒಂದು ಮಾತು ಹೇಳಿಬಿಡ್ತೀನಿ. ನಮ್ಮ ಯಜಮಾನರು ಹೋದ ಮೇಲೆ ಕತ್ತಲಾದರೆ ಮಹಡಿ ಹತ್ತೋಕೆ ನನಗೆ ಭಯ. ಮನೆ ದೊಡ್ಡದಾಯ್ತು ಅಂತ ನನಗೂ ಅನ್ಸತ್ತೆ ಕಣ್ರೀ. ಅದಕ್ಕೆ ಮಹಡೀಲಿ ಜನ ಇರಬೇಕು ಅಷ್ಟೆ, ಮನೆ ಯಾಕೆ ಮಾರಬೇಕು?

ಹಾಗಾಗಿ ಮೇಲಿನ ಮನೆ ಭೋಗ್ಯಕ್ಕೋ ಬಾಡಿಗೆಗೋ ಕೊಡ್ತಿದೀನಿ. ಪುಟ್ಟ ಮಕ್ಕಳಿರೋ ಸಂಸಾರ ಆದ್ರೆ ಇನ್ನೂ ಒಳ್ಳೇದು, ಗಲಾಟೆ ಇರಲಿ. ಗೊತ್ತಿರೋರು ಇನ್‌ಬಾಕ್ಸಿಗೆ ಬನ್ನಿ. ಬ್ರೋಕರು ಮತ್ತು ಅಣ್ಣನ ಮಕ್ಕಳು ಬೇಡ.