ಡಿಎಂ (ಖಾಸಗಿ ಮೆಸೇಜ್) ಚೆಕ್ ಮಾಡಿ ಅಂತೆ. ಯಾರು, ನಾನಾ?

ಮೂರು ದಿನದಿಂದ ತಡ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಆಗ್ಲಿಲ್ಲ, ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ರೆ ಓದಿ.

ನನ್ನ ಕೆಲಸದ ಮೇಜಿಗೆ ಒಂದು ದೀಪ ಬೇಕಿತ್ತು. ರಾತ್ರಿ ನೋಟ್‌ಬುಕ್ ಹೊಲಿಯುವಾಗ ಬಿಳಿ ಹಾಳೆ ಮೇಲೆ ಬಿಳಿ ದಾರ ಕಾಣ್ತಿಲ್ಲ. (ವಯಸ್ಸಾಯ್ತು ಅಂತ ಯಾರೂ ಕಮೆಂಟ್ ಹಾಕ್ಬೇಡಿ, ಗೊತ್ತಿದೆ.) ಅಂಗಡಿ ದೀಪ ಬೇಡ, ನನ್ನ ಹಾಗೇ ಕೈಯಲ್ಲಿ ಏನಾದ್ರೂ ಮಾಡಿ ಮಾರೋರ ಹತ್ರಾನೇ ತಗೊಳ್ಳೋಣ ಅಂತ ಇನ್‌ಸ್ಟಾಗ್ರಾಂನಲ್ಲಿ ಹುಡುಕಿದೆ. ಒಂದು ಪೇಜ್ ಸಿಕ್ತು. ಆಹಾ, ಎಂಥಾ ರೀಲು! ಮರದ ಹೊಟ್ಟು ನಿಧಾನಕ್ಕೆ ಉದುರುತ್ತೆ, ಹಿಂದೆ ಪಿಯಾನೋ, ಕೊನೆಗೆ ಕತ್ತಲಲ್ಲಿ ದೀಪ ಹೊತ್ತಿಕೊಳ್ಳುತ್ತೆ. ನಾಲ್ಕು ಸಲ ನೋಡಿದೆ. ತಗೊಳ್ಳೋದೇ ಅಂತ ತೀರ್ಮಾನ ಮಾಡಿ ಕೆಳಗೆ ಬರೆದಿದ್ದು ಓದಿದ್ರೆ, ಬೆಲೆ ಇಲ್ಲ. ಅಳತೆ ಇಲ್ಲ. ‘ವಿವರಗಳಿಗೆ ಡಿಎಂ ಮಾಡಿ’.

ಮಾಡಿದೆ. ಸೋಮವಾರ. ಉತ್ತರ ಇಲ್ಲ. ಮಂಗಳವಾರ ಕಮೆಂಟಲ್ಲಿ ಕೇಳಿದೆ, ‘ಬೆಲೆ ಎಷ್ಟು?’ ಅಂತ. ಅಲ್ಲಿ ಆಗಲೇ ಇಪ್ಪತ್ತು ಮೂವತ್ತು ಜನ ಅದನ್ನೇ ಕೇಳಿ ಸಾಲಾಗಿ ನಿಂತಿದ್ರು. ಎಲ್ಲರಿಗೂ ಒಂದೇ ಪ್ರಸಾದ: ‘ಡಿಎಂ ಚೆಕ್ ಮಾಡಿ’. ನಾನು ಓಡಿ ಹೋಗಿ ಚೆಕ್ ಮಾಡಿದೆ. ನನ್ನ ಪ್ರಶ್ನೆ ಒಂಟಿಯಾಗಿ ಕೂತಿತ್ತು, ಓದಿದ್ರು ಅನ್ನೋ ‘ಸೀನ್’ ಗುರುತೂ ಇಲ್ಲ. ಈ ಮಧ್ಯೆ ಪೇಜಿನವರು ಇನ್ನೆರಡು ರೀಲು ಹಾಕಿದ್ರು.

ಇಷ್ಟಕ್ಕೇ ನಾನು ಬರೀತಿರಲಿಲ್ಲ. ಇವತ್ತು ಬೆಳಿಗ್ಗೆ ಅದೇ ಪೇಜಲ್ಲಿ ಒಂದು ಕಣ್ಣೀರಿನ ಪೋಸ್ಟ್: ‘ಆಲ್ಗಾರಿದಂ ಸಣ್ಣ ವ್ಯಾಪಾರಿಗಳನ್ನ ಸಾಯಿಸ್ತಿದೆ. ದಯವಿಟ್ಟು ಲೈಕ್, ಶೇರ್, ಸೇವ್ ಮಾಡಿ ನಮ್ಮನ್ನ ಉಳಿಸಿ.’ (ಆಲ್ಗಾರಿದಂ ಅಂದ್ರೆ ಯಾರಿಗೆ ಯಾವ ಪೋಸ್ಟ್ ತೋರಿಸಬೇಕು ಅಂತ ತಾನೇ ಆರಿಸೋ ವ್ಯವಸ್ಥೆ.)

ಅಯ್ಯೋ ಪುಣ್ಯಾತ್ಮರೇ, ನಾನು ದುಡ್ಡು ಹಿಡ್ಕೊಂಡು ಬಾಗಿಲಲ್ಲಿ ಮೂರು ದಿನದಿಂದ ನಿಂತಿದೀನಿ! ನಿಮಗೆ ನನ್ನ ದುಡ್ಡು ಬೇಡ, ಲೈಕ್ ಬೇಕು. ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ.

ಆಲ್ಗಾರಿದಂ ವಿಷಯ ಪೂರ್ತಿ ಸುಳ್ಳಲ್ಲ, ಒಪ್ಕೋತೀನಿ. 2016ರವರೆಗೂ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು ಹಾಕಿದ ಕ್ರಮದಲ್ಲೇ ಕಾಣ್ತಿತ್ತು, ಆಮೇಲೆ ಅದು ತನಗೆ ಬೇಕಾದ್ದನ್ನ ಮುಂದೆ ತರೋಕೆ ಶುರು ಮಾಡ್ತು. 2018ರ ಜನವರಿಯಲ್ಲಿ ಫೇಸ್‌ಬುಕ್ ಬಾಯಿಬಿಟ್ಟೇ ಹೇಳ್ತು, ಇನ್ನು ಮೇಲೆ ಸ್ನೇಹಿತರು, ಮನೆಯವರು ಹಾಕಿದ್ದು ಮೊದಲು, ವ್ಯಾಪಾರದ ಪೇಜುಗಳು ಹಾಕಿದ್ದು ಕಡಿಮೆ ಅಂತ. ನನ್ನ ಪೇಜಿಗೂ ಹೊಡೆತ ಬಿತ್ತು, ಆಗ ನಾನು ಇಲ್ಲೇ ಗೋಳಾಡಿದ್ದು ಕೆಲವರಿಗೆ ನೆನಪಿರಬಹುದು. ಆದ್ರೆ ಅದೆಲ್ಲ ನೀವು ಜನರ ಹತ್ರ ಹೋಗೋ ದಾರಿಯ ತೊಂದರೆ. ಜನಾನೇ ನಿಮ್ಮ ಹತ್ರ ಬಂದು ‘ಎಷ್ಟು ರೀ?’ ಅಂತ ಕೇಳಿದಾಗ ಬಾಯಿ ಬಿಡಬೇಡಿ ಅಂತ ಯಾವ ಆಲ್ಗಾರಿದಂ ಹೇಳಿದೆ?

ಬೆಲೆ ಯಾಕೆ ಬರೆಯಲ್ಲ ಅಂತ ಕೇಳಿದ್ರೆ ರೆಡಿ ಉತ್ತರ ಇದೆ: ‘ಕಾಂಪಿಟಿಟರ್ಸ್ ನೋಡ್ತಾರೆ’. ನೋಡೋರು ಹೇಗಿದ್ರೂ ನೋಡ್ತಾರೆ. ಇನ್ನೊಂದು ಅಕೌಂಟಿಂದ ಗಿರಾಕಿ ವೇಷ ಹಾಕ್ಕೊಂಡು ಬಂದು ಕೇಳೋದಕ್ಕೆ ಎರಡು ನಿಮಿಷ ಸಾಕು. ನನಗೆ ಹೇಗೆ ಗೊತ್ತು ಅಂದ್ರೆ, ನಾನೇ ಮಾಡಿದೀನಿ. ಆ ಅಕೌಂಟಿನ ಡಿಪಿ ಒಂದು ಬೆಕ್ಕು. ಹೆಚ್ಚು ಕೇಳಬೇಡಿ. ಬೆಲೆ ಮುಚ್ಚಿಟ್ರೆ ಪ್ರತಿಸ್ಪರ್ಧಿಗೆ ಏನೂ ನಷ್ಟ ಇಲ್ಲ. ಕೇಳೋಕೆ ಸಂಕೋಚ ಪಡೋ ಗಿರಾಕಿ ಮಾತ್ರ ಹೊರಟುಹೋಗ್ತಾರೆ. ‘ಕೇಳಿದ ಮೇಲೆ ತಗೊಳ್ಳದಿದ್ರೆ ಏನಂದ್ಕೋತಾರೋ’ ಅಂತ ಹಿಂಜರಿಯೋ ಜನ ಎಷ್ಟಿದಾರೆ ಗೊತ್ತಾ? ನಾನೂ ಅವರಲ್ಲೊಬ್ಬಳು.

ಇನ್ನೊಂದು ಉತ್ತರ ಇದಕ್ಕಿಂತ ಗಟ್ಟಿ. ‘ಮೇಡಂ, ನಾವು ಒಬ್ರೇ ಇರೋದು. ಮಾಡೋದೂ ನಾವೇ, ಪ್ಯಾಕ್ ಮಾಡೋದೂ ನಾವೇ, ಕೊರಿಯರ್‌ಗೆ ಓಡೋದೂ ನಾವೇ. ಮೆಸೇಜ್ ನೋಡೋಕೆ ಟೈಮ್ ಎಲ್ಲಿದೆ?’ ಇದು ನಿಜ, ಒಬ್ಬಂಟಿ ವ್ಯಾಪಾರದ ಸುಸ್ತು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಹೊಟ್ಟು ಉದುರೋ ರೀಲಿಗೆ ಎಷ್ಟು ಹೊತ್ತು ಹಿಡಿದಿರುತ್ತೆ? ಬೆಳಕು ಸರಿ ಮಾಡಿ, ಫೋನ್ ನಿಲ್ಲಿಸಿ, ಹತ್ತು ಸಲ ಶೂಟ್ ಮಾಡಿ, ಮ್ಯೂಸಿಕ್ ಹುಡುಕಿ... ಅರ್ಧ ದಿನ ಅಂತೂ ಹೋಗಿರುತ್ತೆ. ಅಷ್ಟು ಹೊತ್ತಲ್ಲಿ ಮೂವತ್ತು ಜನಕ್ಕೆ ಉತ್ತರ ಬರೆದು, ಮಧ್ಯಾಹ್ನ ಒಂದು ನಿದ್ದೆನೂ ತೆಗೀಬಹುದಿತ್ತು.

ಟೈಪ್ ಮಾಡಿ ಬೆರಳು ಸವೀಬೇಕು ಅಂತಾನೂ ಇಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಂದಿದ್ದು 2018ರಲ್ಲಿ. ಪುಕ್ಕಟೆ. ಬೆಲೆ, ಅಳತೆ, ಎಷ್ಟು ದಿನದಲ್ಲಿ ತಲುಪುತ್ತೆ ಅನ್ನೋದನ್ನ ಒಂದೇ ಸಲ ಬರೆದು ‘ಕ್ವಿಕ್ ರಿಪ್ಲೈ’ ಅಂತ ಇಟ್ಕೊಂಡ್ರೆ ಆಮೇಲೆ ಬರೀ ಒಂದು ಸ್ಲ್ಯಾಶ್ ಒತ್ತಿ ಆರಿಸಿಕೊಂಡ್ರಾಯ್ತು. ಮಲಗಿದ್ದಾಗ ‘ನಾಳೆ ಬೆಳಿಗ್ಗೆ ಉತ್ತರಿಸ್ತೀನಿ’ ಅಂತ ತಾನೇ ಹೇಳೋ ‘ಅವೇ (away) ಮೆಸೇಜ್’ ಇದೆ. ಫೋಟೋ, ಬೆಲೆ ಎರಡೂ ಹಾಕಿಡೋಕೆ ಕ್ಯಾಟಲಾಗ್ ಇದೆ. ದುಡ್ಡು ಕೊಟ್ಟೋರು, ಕೊಡಬೇಕಾದೋರು ಯಾರು ಅಂತ ಬಣ್ಣಬಣ್ಣದ ಲೇಬಲ್ ಹಚ್ಚಬಹುದು. ಇನ್‌ಸ್ಟಾಗ್ರಾಂ ಬಿಸಿನೆಸ್ ಅಕೌಂಟಿನಲ್ಲೂ ಸಿದ್ಧ ಉತ್ತರ ಉಳಿಸಿಕೊಳ್ಳೋ ಸೌಲಭ್ಯ ಇದೆ. ಇದನ್ನೆಲ್ಲ ಹೊಂದಿಸೋಕೆ ನನಗೆ ಹಿಡಿದಿದ್ದು ಒಂದು ಸಂಜೆ, ಟೆಕ್ನಾಲಜಿ ಅಂದ್ರೆ ಮಾರುದೂರ ಓಡೋ ನನಗೆ!

ಆದ್ರೆ ಯಾವ ‘ಗ್ರೋಥ್’ ಗುರುಗಳೂ ಇದನ್ನ ಹೇಳಿಕೊಡಲ್ಲ. ದುಡ್ಡು ಕೊಟ್ಟು ಅಂಥದ್ದೊಂದು ಆನ್‌ಲೈನ್ ವರ್ಕ್‌ಶಾಪಿಗೆ ನಾನೂ ಕೂತಿದ್ದೆ. ನೋಡೋರನ್ನ ಹಿಡಿದು ನಿಲ್ಲಿಸೋ, ರೀಲಿನ ಮೊದಲ ಮೂರು ಸೆಕೆಂಡಿನ ‘ಹುಕ್’ ಬಗ್ಗೆ ಒಂದೂವರೆ ಗಂಟೆ. ಟ್ರೆಂಡಿಂಗ್ ಆಡಿಯೋ ಬಗ್ಗೆ ಒಂದು ಗಂಟೆ. ಹ್ಯಾಶ್‌ಟ್ಯಾಗ್ ಪುರಾಣ. ಕೊನೆಗೆ ನಾನು ಕೈ ಎತ್ತಿ, ‘ಬೆಲೆ ಕೇಳಿದೋರಿಗೆ ಎಷ್ಟು ಹೊತ್ತಲ್ಲಿ ಉತ್ತರ ಕೊಡಬೇಕು ಸರ್?’ ಅಂದೆ. ‘ಅದು ಕಸ್ಟಮರ್ ಸರ್ವೀಸ್ ಆಯ್ತು ಮೇಡಂ, ಇದು ಮಾರ್ಕೆಟಿಂಗ್ ಕ್ಲಾಸು’ ಅಂದ್ರು. ಸರಿ ಸ್ವಾಮಿ.

ಫೇಸ್‌ಬುಕ್ ಪೇಜುಗಳಲ್ಲಿ ‘ಬೇಗ ಉತ್ತರಿಸ್ತಾರೆ’ ಅಂತ ಒಂದು ಬ್ಯಾಡ್ಜ್ ಕಾಣ್ತಿತ್ತು, ನೆನಪಿದೆಯಾ? ಅದು ಸಿಗಬೇಕಾದ್ರೆ ಬಂದ ಮೆಸೇಜುಗಳಲ್ಲಿ ಶೇಕಡ 90ಕ್ಕೆ ಉತ್ತರ ಕೊಟ್ಟಿರಬೇಕಿತ್ತು, ಅದೂ 15 ನಿಮಿಷದ ಲೆಕ್ಕದಲ್ಲಿ. ಒಂಟಿ ಕೈಯೋರಿಗೆ ಅದು ಅತಿಯಾಯ್ತು, ನಾನು 15 ನಿಮಿಷ ಕೇಳ್ತಿಲ್ಲ. ಒಂದು ದಿನದೊಳಗೆ ಒಂದು ಸಾಲು ಬರೀರಿ ಅಂತಿದೀನಿ.

ಇಷ್ಟೆಲ್ಲ ಭಾಷಣ ಬಿಗಿದ ಮೇಲೆ ನನ್ನ ಹುಳುಕೂ ಹೇಳಿಬಿಡ್ತೀನಿ. ನನಗೆ 5000 ಫಾಲೋವರ್ಸ್ ಆದಾಗ ಸ್ಕ್ರೀನ್‌ಶಾಟ್ ಹಾಕಿದ್ದೆ. ನೀವೆಲ್ಲ ಹಾರ್ಟ್ ಒತ್ತಿದ್ರಿ, ಪಾರ್ಟಿ ಯಾವಾಗ ಅಂದ್ರಿ. ಅದಾಗಿ ಸುಮಾರು ದಿನದ ಮೇಲೆ ಏನೋ ಹುಡುಕ್ತಾ ‘ಮೆಸೇಜ್ ರಿಕ್ವೆಸ್ಟ್ಸ್’ ಅನ್ನೋದನ್ನ ಒತ್ತಿದೆ. ನಾವು ಫಾಲೋ ಮಾಡದ ಅಪರಿಚಿತರು ಬರೆದದ್ದು ಹೆಚ್ಚಾಗಿ ಅಲ್ಲಿಗೇ ಹೋಗಿ ಬೀಳುತ್ತೆ. ಹೊಸ ಗಿರಾಕಿ ಅಂದ್ರೆ ಅಪರಿಚಿತರೇ ಅಲ್ವಾ? ಅಷ್ಟು ಸಣ್ಣ ವಿಷಯ ಹೊಳೆಯೋಕೆ ನನಗೆ ಎರಡು ವರ್ಷ ಬೇಕಾಯ್ತು.

ಅಲ್ಲೊಬ್ಬರು ಬರೆದಿದ್ರು. ‘ನಮಸ್ತೆ, 120 ನೋಟ್‌ಬುಕ್ ಬೇಕಿತ್ತು, ಮುಖಪುಟದ ಮೇಲೆ ಹೆಸರು ಹಾಕಿಸಬೇಕು, ಸಾಧ್ಯನಾ?’ ಎರಡು ದಿನ ಬಿಟ್ಟು, ‘ಹಲೋ?’ ಒಂದು ವಾರ ಬಿಟ್ಟು, ‘ಪರವಾಗಿಲ್ಲ, ಬೇರೆ ಕಡೆ ಸಿಕ್ತು. ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ.’

ತಾರೀಖು ನೋಡಿದೆ. ಆ ‘ಹಲೋ’ ಬಂದ ದಿನಾನೇ ನಾನು 5000ದ ಸ್ಕ್ರೀನ್‌ಶಾಟ್ ಹಾಕಿದ್ದು. ಅಲ್ಲಿವರೆಗೆ ಒಂದೇ ಸಲ 120 ನೋಟ್‌ಬುಕ್ ನಾನು ಮಾರಿದ್ದೇ ಇಲ್ಲ, ಇವತ್ತಿಗೂ ಇಲ್ಲ. ಬೈದಿದ್ರೆ ಇಷ್ಟು ನೋವಾಗ್ತಿರಲಿಲ್ಲ, ಆ ‘ತುಂಬಾ ಚೆನ್ನಾಗಿದೆ’ ಇದೆಯಲ್ಲ, ಅದು ಈಗಲೂ ಚುಚ್ಚುತ್ತೆ. ನಿಮಗ್ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ದೀಪದೋರ ಮೇಲೆ ನನಗಿರೋ ಸಿಟ್ಟಲ್ಲಿ ಅರ್ಧ ನನ್ನ ಮೇಲಿಂದೇ ಇರಬಹುದು. ಇರಲಿ, ಇನ್ನರ್ಧ ಅವರದ್ದೇ.

ಅಂದ ಹಾಗೆ ದೀಪ ಸಿಕ್ತು. ಬೇರೆಯವರ ಹತ್ರ, ಇನ್ನೂರು ಚಿಲ್ಲರೆ ಫಾಲೋವರ್ಸ್ ಇರೋ ಪೇಜು. ಫೋಟೋ ಒಂದೂ ನೆಟ್ಟಗಿಲ್ಲ, ಒಂದರಲ್ಲಂತೂ ಯಾರದೋ ಹೆಬ್ಬೆರಳು. ಆದ್ರೆ ಪ್ರತಿ ಫೋಟೋ ಕೆಳಗೆ ಬೆಲೆ, ಎತ್ತರ, ಯಾವ ಮರ, ಎಷ್ಟು ದಿನ ಹಿಡಿಯುತ್ತೆ, ಎಲ್ಲ ಇತ್ತು. ಬಿಳಿ ದಾರ ಕಾಣುತ್ತಾ ಅಂತ ಕೇಳಿದೆ. ಅವರು ದೀಪ ಹಚ್ಚಿ, ಕೆಳಗೆ ಬಿಳಿ ಹಾಳೆ ಮೇಲೆ ಬಿಳಿ ದಾರ ಇಟ್ಟು ಫೋಟೋ ತೆಗೆದು ಕಳಿಸಿದ್ರು! ಅಲ್ಲೂ ಹೆಬ್ಬೆರಳಿತ್ತು. ಆಗಲೇ ದುಡ್ಡು ಹಾಕಿದೆ, ತಂಗಿಗೂ ಒಂದು ಸೇರಿಸಿ.

ಇಷ್ಟು ಬರೆದು ನನ್ನ ರಿಕ್ವೆಸ್ಟ್ಸ್ ತೆಗೆದು ನೋಡಿದ್ರೆ ಎರಡು ಮೆಸೇಜ್ ಇದೆ. ಒಂದು, ಕ್ರಿಪ್ಟೋದಲ್ಲಿ ದುಡ್ಡು ದುಪ್ಪಟ್ಟು ಮಾಡಿಕೊಡೋರು. ಇನ್ನೊಂದು ನಿನ್ನೆ ಸಂಜೆದು: ‘ಗೆರೆ ಇಲ್ಲದ ನೋಟ್‌ಬುಕ್ ಇದೆಯಾ? ಬೆಲೆ ಎಲ್ಲೂ ಕಾಣಲಿಲ್ಲ.’

ತಡೀರಿ, ಬಂದೆ.