ಬಿಟ್ಟಿ ಮಾಡಿಕೊಟ್ಟ ತಪ್ಪಿಗೆ

"ಮೇಡಂ, ಒಂದು ಸಣ್ಣ ಕೆಲಸ. ನಿಮಗಾದ್ರೆ ಅರ್ಧ ಗಂಟೆ ಅಷ್ಟೆ."

ಈ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಗೊತ್ತಾಗಿಬಿಡುತ್ತೆ, ದುಡ್ಡಿನ ಮಾತು ಬರೋದಿಲ್ಲ ಅಂತ. ದುಡ್ಡು ಕೊಡುವವರು ಕೆಲಸವನ್ನು ಸಣ್ಣದು ಅನ್ನುವುದಿಲ್ಲ. ಎಷ್ಟಾಗುತ್ತೆ, ಯಾವಾಗ ಸಿಗುತ್ತೆ ಅಂತ ಕೇಳುತ್ತಾರೆ. ಸಣ್ಣದು, ಸುಲಭ, ಕೈಚಳಕ, ದೇವರು ಕೊಟ್ಟ ವರ ಇವೆಲ್ಲ ಬಿಟ್ಟಿ ಕೇಳುವವರ ಬಾಯಲ್ಲಿ ಮಾತ್ರ.

ನಾನು ಚಿತ್ರ ಬರೆಯುತ್ತೇನೆ. ಪುಸ್ತಕದ ಮುಖಪುಟ, ಒಳಗಿನ ರೇಖಾಚಿತ್ರ, ಪೋಸ್ಟರ್. ಅದೇ ನನ್ನ ಹೊಟ್ಟೆಪಾಡು. ಮೂರು ದಿನದ ಹಿಂದೆ ಬಂದ ಒಂದು ಫೋನು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಾದರೂ ಕಕ್ಕಿಕೊಳ್ಳುತ್ತೇನೆ. ಉದ್ದವಾಗುತ್ತೆ, ಕ್ಷಮಿಸಿ. (ಕ್ಷಮಿಸದಿದ್ದರೂ ನಡೆಯುತ್ತೆ, ಇವತ್ತು ಮೂಡ್ ಹಾಗಿದೆ.)

ಕಥೆ ಶುರುವಾಗಿದ್ದು ಹೋದ ವರ್ಷ. ಒಂದು ಸಂಸ್ಥೆಗೆ 25 ವರ್ಷ ತುಂಬಿತ್ತು. ನೆನಪಿನ ಪುಸ್ತಕ ತರುತ್ತೇವೆ, ಮುಖಪುಟ ಬರೆದುಕೊಡಿ ಅಂತ ಪರಿಚಯದವರ ಕಡೆಯಿಂದ ಬಂದರು. "ಬಜೆಟ್ ಇಲ್ಲ ಮೇಡಂ. ಆದ್ರೆ ಸಾವಿರಾರು ಜನ ನೋಡ್ತಾರೆ. ನಿಮಗೆ ಒಳ್ಳೆ ಹೆಸರು ಬರುತ್ತೆ." ನಾನು ಹೂಂ ಅಂದೆ. ಯಾಕೆ ಅಂದೆ ಅಂತ ಇವತ್ತಿಗೂ ಗೊತ್ತಿಲ್ಲ. ಒಳ್ಳೆ ಕೆಲಸ ಮಾಡುವ ಸಂಸ್ಥೆ, ಪರಿಚಯದವರು, ಮುಖ ನೋಡಿಕೊಂಡು ಇಲ್ಲ ಅನ್ನೋಕೆ ಆಗಲಿಲ್ಲ.

ಬರೆದದ್ದು ಹಳೇ ಕಲ್ಲಿನ ಮೆಟ್ಟಿಲು. ಜನ ಹತ್ತಿ ಇಳಿದು, ಹತ್ತಿ ಇಳಿದು, ನಡುವೆ ಸವೆದು ತಗ್ಗಾದ ಮೆಟ್ಟಿಲು. ಇಷ್ಟು ವರ್ಷ ಇಷ್ಟು ಜನ ಬಂದು ಹೋದರು ಅನ್ನೋದನ್ನು ಜನರನ್ನೇ ತೋರಿಸದೆ ಹೇಳಬೇಕು ಅಂತ ನನ್ನ ಆಸೆ. ಜಲವರ್ಣ. ಆ ತಗ್ಗಿನಲ್ಲಿ ಬೆಳಕು ನೀರಿನ ಹಾಗೆ ನಿಲ್ಲಬೇಕು. ಅಲ್ಲಿ ಬಣ್ಣ ಹಚ್ಚೋ ಹಾಗಿಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಒಂದು ಹನಿ ನೀರು ಜಾಸ್ತಿಯಾದರೆ ಬಣ್ಣ ಹರಿದು ಬಂದು ಬೆಳಕು ಸತ್ತೇ ಹೋಯಿತು. ನಾಲ್ಕು ಕಾಗದ ಹಾಳಾದವು. ಐದನೆಯದು ಬಂತು. ಬಂದಾಗ ರಾತ್ರಿ ಎರಡು ಗಂಟೆ. ಒಬ್ಬಳೇ ಕೂತು ಹಲ್ಲು ಕಿರಿದೆ.

ಕಳಿಸಿದೆ. ಮರುದಿನ ಉತ್ತರ ಬಂತು. "ತುಂಬಾ ಚೆನ್ನಾಗಿದೆ ಮೇಡಂ. ಮೆಟ್ಟಿಲು ಮಾತ್ರ ಸ್ವಲ್ಪ ಹಳೇದಾಗಿ ಕಾಣ್ತಿದೆ. ರಿಪೇರಿ ಮಾಡೋಕಾಗುತ್ತಾ?"

ರಿಪೇರಿ!

ಒಟ್ಟು ಏಳು ತಿದ್ದುಪಡಿ. ಆಕಾಶ ಇನ್ನೂ ನೀಲಿ ಮಾಡಿ. ಒಂದು ಮರ ಹಾಕಿ. ಮರ ತೆಗೀರಿ. ಅಧ್ಯಕ್ಷರಿಗೆ ಹಸಿರು ಇಷ್ಟ. ದುಡ್ಡು ಕೊಡುವವರು ಹೆಚ್ಚೆಂದರೆ ಎರಡು ಸಲ ತಿದ್ದಿಸುತ್ತಾರೆ, ಮೂರನೆಯದಕ್ಕೆ ಬೇರೆ ಬಿಲ್ ಬರುತ್ತೆ ಅಂತ ಅವರಿಗೆ ಗೊತ್ತು. ಬಿಟ್ಟಿಯವರಿಗೆ ಆ ಭಯವೇ ಇಲ್ಲ. ಬಾಗಿಲೇ ಇಲ್ಲದ ಮನೆಗೆ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು, ಅಲ್ವಾ? ಕೊನೆಗೆ ಸ್ಕ್ಯಾನ್ ಮಾಡಿ, 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ತಂದು, ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಬಣ್ಣಕ್ಕೆ ಬದಲಾಯಿಸಿ, ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಅಂಚು ಬಿಟ್ಟು ಫೈಲ್ ಕಳಿಸಿದೆ. ಅದನ್ನು ಪ್ರೆಸ್ಸಿನವರು ಮಾಡಿದರೆ ದುಡ್ಡು ಕೇಳುತ್ತಾರಂತೆ, ಅದಕ್ಕೆ ನಾನೇ ಮಾಡಿಕೊಡಬೇಕಂತೆ.

ಬಿಡುಗಡೆಯ ದಿನ ಹೋದೆ. ಸಭಾಂಗಣಕ್ಕೆ ಬಾಡಿಗೆ ಕಟ್ಟಿದ್ದರು. ಫೋಟೋದವರಿಗೆ ಕೊಟ್ಟಿದ್ದರು. ಕಾಗದಕ್ಕೆ, ಮುದ್ರಣಕ್ಕೆ, ಬೈಂಡಿಂಗಿಗೆ, ಹಿಂದಿನ ಪರದೆಗೆ, ಎಲ್ಲದಕ್ಕೂ ಕೊಟ್ಟಿದ್ದರು. ನನ್ನ ಪಕ್ಕ ಕೂತಿದ್ದ ಮೈಕಿನವರನ್ನು ಸುಮ್ನೆ ಮಾತಿಗೆ ಕೇಳಿದೆ, ನಿಮಗೆ ಕೊಟ್ರಾ ಅಂತ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಅಡ್ವಾನ್ಸ್ ಇಲ್ದೆ ನಾನು ವೈರೇ ಬಿಚ್ಚಲ್ಲ ಅಕ್ಕಾ" ಅಂದರು. ಆವತ್ತು ಇಡೀ ಸಭೆಯಲ್ಲಿ ನಾನು ಕಲಿತ ಒಂದೇ ಮಾತು ಅದು.

ಪುಸ್ತಕ ಕೈಗೆ ಬಂತು. ಸಂಸ್ಥೆಯ ಲೋಗೋ ಸರಿಯಾಗಿ ಆ ಬೆಳಕಿನ ಮೇಲೆ ಕೂತಿತ್ತು. ಅದೇ ತಗ್ಗು, ನಾಲ್ಕು ಕಾಗದ ನುಂಗಿದ ತಗ್ಗು. ಹಿಂಬದಿಯಲ್ಲಿ ಪ್ರೆಸ್ಸಿನ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಇತ್ತು. ನನ್ನ ಹೆಸರು ಹುಡುಕಿದೆ. ಕೊನೆಯ ಪುಟದಲ್ಲಿ 'ಸಹಕರಿಸಿದವರು' ಅನ್ನುವ ಪಟ್ಟಿಯಲ್ಲಿ, ಕುರ್ಚಿ ಒದಗಿಸಿದವರ ಕೆಳಗೆ ಇತ್ತು. ಒಂದು ಅಕ್ಷರ ತಪ್ಪು. ಏನು ಸಹಕರಿಸಿದೆ ಅಂತ ಇಲ್ಲ. ನಾನೂ ನಾಲ್ಕು ಕುರ್ಚಿ ತಂದುಕೊಟ್ಟೆ ಅಂತ ಓದಿದವರು ಅಂದುಕೊಂಡಿರಬೇಕು. ಇನ್ನೊಂದು ಪ್ರತಿ ಕೇಳಿದ್ದಕ್ಕೆ, "ಕೌಂಟರಿನಲ್ಲಿದೆ ಮೇಡಂ, ನಿಮಗೆ ರಿಯಾಯಿತಿ ಇದೆ" ಅಂದರು.

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೈ ನನ್ನದು, ಬಾಯಿ ಯಾರದೋ.

ಇನ್ನು ಮೂರು ದಿನದ ಹಿಂದಿನ ಫೋನು. ಅದೇ ಸಂಸ್ಥೆ, ಈ ಸಲ ಕ್ಯಾಲೆಂಡರ್. ಹನ್ನೆರಡು ಚಿತ್ರ. ಅದೇ "ಸಣ್ಣ ಕೆಲಸ". ನಾನು ಬುದ್ಧಿ ಕಲಿತಿದ್ದೆ. ನನ್ನ ದರ ಹೇಳಿದೆ. ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂತ ಹಲೋ ಹಲೋ ಅಂದೆ.

"ಕಳೆದ ಸಲ ಹಾಗೇ ಮಾಡಿಕೊಟ್ಟಿದ್ರಲ್ಲ ಮೇಡಂ?"

"ಕಳೆದ ಸಲ ಕೊಟ್ಟೆ. ಈ ಸಲ ಆಗಲ್ಲ."

"ಅಲ್ಲ ಮೇಡಂ, ಕಲೆಗೆ ಬೆಲೆ ಕಟ್ಟೋಕಾಗುತ್ತಾ?"

ಈ ಮಾತಿಗೆ ಉರಿದುಹೋಯಿತು. ಬೆಲೆ ಕಟ್ಟೋಕಾಗಲ್ಲ ಅಂತ ಹೊಗಳಿ, ಆ ನೆಪದಲ್ಲೇ ಬೆಲೆ ಕೊಡದೆ ಜಾರಿಕೊಳ್ಳುವ ಜಾಣತನ ನೋಡಿ. ಕಲೆ ಅಷ್ಟು ದೊಡ್ಡದಂತೆ, ದುಡ್ಡು ಮುಟ್ಟಿದರೆ ಮೈಲಿಗೆಯಂತೆ. ಬಣ್ಣದ ಟ್ಯೂಬ್ ಮಾರುವವನು ಹಾಗೆ ಅಂದುಕೊಂಡಿಲ್ಲವಲ್ಲ!

ಆಮೇಲೆ ಕೊನೆಯ ಬಾಣ: "ಪರವಾಗಿಲ್ಲ ಬಿಡಿ. ಇನ್ನೊಬ್ಬ ಹುಡುಗ ಇದ್ದಾನೆ. ಸುಮ್ನೆ ಮಾಡಿಕೊಡ್ತಾನಂತೆ."

ನನ್ನ ಸಿಟ್ಟೆಲ್ಲ ಆ ಹುಡುಗನ ಮೇಲೆ ತಿರುಗಿತು. ಯಾರು ಅಂತ ಗೊತ್ತಾಯಿತು, ಪರಿಚಯದವನೇ. ಇನ್ನೂ ಕಲಿಯುತ್ತಿದ್ದಾನೆ, ಕೈ ಚೆನ್ನಾಗಿದೆ. ಫೋನ್ ಮಾಡಿ ಬೈದೆ. ನೀನು ಹೀಗೆ ಬಿಟ್ಟಿ ಬರೆದುಕೊಟ್ಟರೆ ನಮ್ಮ ಗತಿ ಏನೋ, ನಾಳೆ ನಿನ್ನ ಗತಿಯೂ ಇದೇ ಅಲ್ವಾ ಅಂತ. ಅವನು ಮೆತ್ತಗೆ ಅಂದ: "ಅಕ್ಕಾ, ಹೋದ ವರ್ಷ ನೀವೇ ಸುಮ್ನೆ ಬರೆದುಕೊಟ್ರಂತಲ್ಲ. ನೀವೇ ತಗೊಳ್ಳದ ಮೇಲೆ ನಾನು ಹೇಗೆ ಕೇಳ್ಲಿ?"

ಬಾಯಿ ಮುಚ್ಚಿಕೊಂಡು ಫೋನ್ ಇಟ್ಟೆ.

ನನ್ನ ಗೆಳತಿಯೊಬ್ಬಳಿದ್ದಾಳೆ, ಅವಳೂ ಇದೇ ಕಸುಬಿನವಳು. ಅವಳ ವಾದ ಒಂದೇ: ಬಿಟ್ಟಿ ಹಂಚಿದರೆ ಕಲೆಯ ಬೆಲೆ ಬೀಳುತ್ತೆ, ಯಾರೂ ಏನನ್ನೂ ಪುಕ್ಕಟೆ ಕೊಡಬಾರದು. ನಾನು ಆನ್‌ಲೈನ್‌ನಲ್ಲಿ ಚಿತ್ರ ಹಾಕಿದಾಗೆಲ್ಲ ಬೈಯುತ್ತಾಳೆ. ಸಾಕ್ಷಿಗೆ ಯಾವಾಗಲೂ ಜೋಶುವಾ ಬೆಲ್ ಕಥೆ ತೆಗೆಯುತ್ತಾಳೆ. 2007ರ ಜನವರಿಯಲ್ಲಿ ಆ ದೊಡ್ಡ ಪಿಟೀಲು ವಾದಕ ಒಂದು ಪತ್ರಿಕೆಯ ಪ್ರಯೋಗಕ್ಕೆ ಒಪ್ಪಿಕೊಂಡು ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣವೊಂದರಲ್ಲಿ ಟೋಪಿ ಹಾಕಿಕೊಂಡು ನಿಂತರು. ಕೈಯಲ್ಲಿ 1713ರಲ್ಲಿ ಸ್ಟ್ರಾಡಿವೇರಿ ಅನ್ನುವ ಹೆಸರಾಂತ ಕುಶಲಕರ್ಮಿ ಮಾಡಿದ ಪಿಟೀಲು. 43 ನಿಮಿಷ ನುಡಿಸಿದರು. ಸಾವಿರಕ್ಕಿಂತ ಜಾಸ್ತಿ ಜನ ಹಾದುಹೋದರು. ಒಂದು ನಿಮಿಷವಾದರೂ ನಿಂತು ಕೇಳಿದವರು ಏಳೇ ಜನ. "ನೋಡು, ಟಿಕೆಟ್ ಇಲ್ಲ ಅಂದ ಮೇಲೆ ಬೆಲೆಯೂ ಇಲ್ಲ" ಅಂತಾಳೆ ಇವಳು.

ನನಗೆ ಒಪ್ಪಿಗೆಯಾಗುವುದಿಲ್ಲ. ಆ ಜನ ಬೆಳಗ್ಗೆ ಕೆಲಸಕ್ಕೆ ಓಡುತ್ತಿದ್ದವರು. ಅವರು ಬೆಲ್ ಹತ್ತಿರ ಏನನ್ನೂ ಕೇಳಲಿಲ್ಲ. ಯಾರೂ ನಿಂತು, "ಆ ಕೊನೇ ಭಾಗ ಸ್ವಲ್ಪ ಚಿಕ್ಕದು ಮಾಡಿ, ನಮ್ಮ ಅಧ್ಯಕ್ಷರಿಗೆ ಉದ್ದ ಆಯ್ತಂತೆ" ಅನ್ನಲಿಲ್ಲ. ಬೆಲ್ ಇಷ್ಟಪಟ್ಟು ನುಡಿಸಿದರು, ಮುಗಿಸಿ ಪಿಟೀಲು ಎತ್ತಿಕೊಂಡು ಹೋದರು. ಅದರಿಂದ ಅವರ ಮುಂದಿನ ಕಛೇರಿಯ ಟಿಕೆಟ್ ದರವೇನೂ ಬೀಳಲಿಲ್ಲ.

ರೇಡಿಯೋಹೆಡ್ ಅನ್ನುವ ಬ್ರಿಟನ್ನಿನ ರಾಕ್ ಸಂಗೀತ ತಂಡ ಅದೇ 2007ರ ಅಕ್ಟೋಬರ್‌ನಲ್ಲಿ ಹೊಸ ಆಲ್ಬಂ ತಂದು, ಇಷ್ಟವಾದಷ್ಟು ಕೊಟ್ಟು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ, ಸೊನ್ನೆಯಾದರೂ ಸರಿ ಅಂದಿತು. ಅದೇ ಆಲ್ಬಂ ಆಮೇಲೆ ಸಿಡಿಯಾಗಿ ಅಂಗಡಿಗೆ ಬಂದಾಗ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಇದನ್ನು ಹೇಳಿದರೆ ಗೆಳತಿ, "ಅವರು ಆಗಲೇ ಹೆಸರು ಮಾಡಿದವರು, ನೀನು ಯಾರು?" ಅಂತಾಳೆ. ಅದು ನಿಜ. ನಾನೂ ವಾದ ಬಿಡುತ್ತೇನೆ.

ಆದರೆ ಒಂದು ವಿಷಯದಲ್ಲಿ ಬಿಡುವುದಿಲ್ಲ. ನಾನಾಗಿ ಬರೆದು, ನಾನಾಗಿ ಹಂಚುವ ಚಿತ್ರ ಬೇರೆ. ನೀನು ಕೇಳಿ, ನಿನಗೆ ಬೇಕಾದ ಹಾಗೆ, ನಿನ್ನ ಗಡುವಿಗೆ, ನಿನ್ನ ಅಧ್ಯಕ್ಷರ ಹಸಿರಿಗೆ ಬರೆಸಿಕೊಳ್ಳುವ ಚಿತ್ರ ಬೇರೆ. ಮೊದಲನೆಯದು ಉಡುಗೊರೆ. ಎರಡನೆಯದು ಕೂಲಿ, ಕೂಲಿ ಕೊಡದಿದ್ದರೆ ಬಿಟ್ಟಿ ಚಾಕರಿ. ಮೊದಲನೆಯದನ್ನು ನೋಡಿ ಎರಡನೆಯದನ್ನು ಕೇಳುತ್ತಾರಲ್ಲ, ಅಲ್ಲಿ ನನಗೆ ಮೈಯೆಲ್ಲ ಉರಿ. "ಆನ್‌ಲೈನ್‌ನಲ್ಲಿ ಅಷ್ಟೊಂದು ಹಾಕ್ತೀರಲ್ಲ, ನಮಗೊಂದು ಮಾಡಿಕೊಡೋಕೆ ಏನು ಕಷ್ಟ?" ಅಂತ ಕೇಳಿದ್ದಾರೆ ನನ್ನನ್ನು. ಪುಕ್ಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ!

ಹಂಚುವುದಕ್ಕೂ ಒಂದು ಕ್ರಮ ಇದೆ, ಅದಾದರೂ ಗೊತ್ತಾ ಅಂದರೆ ಅದೂ ಇಲ್ಲ. ನನ್ನ ಕೃತಿಯನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಅಂತ ಕಲಾವಿದರೇ ಮೊದಲೇ ಹೇಳಿಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ. ನನ್ನ ಚಿತ್ರದ ಕೆಳಗೆ ಬರೆದೇ ಇರುತ್ತೇನೆ: ಬಳಸಿ, ಹೆಸರು ಹಾಕಿ, ವ್ಯಾಪಾರಕ್ಕೆ ಬೇಡ. ಮೂರೇ ಮಾತು. ಜನ ಮೊದಲನೇ ಮಾತು ಮಾತ್ರ ಓದುತ್ತಾರೆ. ಹೆಸರು ಕತ್ತರಿಸಿ ಹಾಕಿಕೊಂಡು, ಕೇಳಿದರೆ "ಗೂಗಲ್‌ನಲ್ಲಿ ಸಿಕ್ತು" ಅಂತಾರೆ. ಗೂಗಲ್ ಯಾವಾಗ ಕುಂಚ ಹಿಡೀತೋ! ಹೆಸರಿನ ವಿಷಯ ನನ್ನ ಹಟ ಅಂದುಕೊಳ್ಳಬೇಡಿ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಒಂದು ವಿಧಿ ಸೇರಿಸಿದರು. ಹಣದ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ಕಲಾವಿದನದೇ ಅಂತ ಅದು ಹೇಳುತ್ತೆ. ಕುರ್ಚಿಯವರ ಕೆಳಗೆ ಹಾಕಬೇಕು ಅಂತ ಹೇಳುವುದಿಲ್ಲ.

ಇನ್ನು ಲೋಗೋ ಸ್ಪರ್ಧೆ ಅಂತ ಒಂದು ಬಂದಿದೆ. ನೂರು ಜನ ಬರೆದು ಕಳಿಸಬೇಕು, ಒಬ್ಬರಿಗೆ ಬಹುಮಾನ, ಕಳಿಸಿದ ಎಲ್ಲವೂ ಅವರ ಸ್ವತ್ತು. ಅದರ ಬಗ್ಗೆ ಇನ್ನೊಂದು ದಿನ ಬೈಯುತ್ತೇನೆ.

ಆ "ಅರ್ಧ ಗಂಟೆ" ಅನ್ನುವ ಮಾತಿಗೆ ವಾಪಸ್ ಬರುತ್ತೇನೆ. 1878ರಲ್ಲಿ ಲಂಡನ್ನಿನಲ್ಲಿ ವಿಸ್ಲರ್ ಅನ್ನುವ ಚಿತ್ರಕಾರ, ತನ್ನ ಚಿತ್ರವನ್ನು ಹೀಯಾಳಿಸಿದ ವಿಮರ್ಶಕ ರಸ್ಕಿನ್ ಮೇಲೆ ಹೂಡಿದ್ದ ಮೊಕದ್ದಮೆ ವಿಚಾರಣೆಗೆ ಬಂತು. ಎರಡು ದಿನದ ಕೆಲಸಕ್ಕೆ 200 ಗಿನಿ ಕೇಳ್ತೀರಾ ಅಂತ ಎದುರು ಪಕ್ಷದ ವಕೀಲರು ಕುಟುಕಿದರು. ಇಲ್ಲ, ಇಡೀ ಬದುಕಿನಲ್ಲಿ ಕಲಿತದ್ದಕ್ಕೆ ಕೇಳುತ್ತೇನೆ ಅಂದ ವಿಸ್ಲರ್. ಈ ಉತ್ತರವನ್ನು ಕಲಾವಿದರೆಲ್ಲ ಎದೆಗೊತ್ತಿಕೊಂಡು ಹೇಳುತ್ತೇವೆ. ಮುಂದೇನಾಯಿತು ಅಂತ ಜಾಸ್ತಿ ಜನ ಹೇಳುವುದಿಲ್ಲ. ವಿಸ್ಲರ್ ಗೆದ್ದ. ಪರಿಹಾರ ಅಂತ ಕೋರ್ಟ್ ಕೊಡಿಸಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ಅವನು ದಿವಾಳಿಯಾದ.

ನನಗೇನೂ 200 ಗಿನಿ ಬೇಡ. ನಾನು ಬಿಟ್ಟಿ ಕೊಟ್ಟಾಗ, ಇದು ಇಷ್ಟು ಬೆಲೆಯದು, ಅಷ್ಟನ್ನೂ ನಾನು ಬಿಟ್ಟುಕೊಡುತ್ತಿದ್ದೇನೆ ಅಂತ ಹೇಳದೇ ಇದ್ದದ್ದೇ ನನ್ನ ತಪ್ಪು. ಹತ್ತು ತಗೊಂಡವನು ಮುಂದಿನ ಸಲ ಹನ್ನೆರಡು ಕೇಳಿದರೆ ಸ್ವಲ್ಪ ಗೊಣಗುತ್ತಾರೆ. ಸೊನ್ನೆ ತಗೊಂಡವಳು ಒಂದು ಕೇಳಿದರೂ ದ್ರೋಹಿಯ ಹಾಗೆ ನೋಡುತ್ತಾರೆ. ಆ ಸೊನ್ನೆಯನ್ನು ಅವರು ಬರೆಯಲಿಲ್ಲ, ನಾನೇ ಬರೆದುಕೊಟ್ಟೆ. ಆ ಹುಡುಗ ಅದನ್ನು ನೋಡಿ ಕಾಪಿ ಹೊಡೆದ.

ಮೊನ್ನೆ ರಾತ್ರಿ ಸಿಟ್ಟಿನಲ್ಲೇ ಕೂತು ಹೋದ ವರ್ಷದ ಮುಖಪುಟಕ್ಕೆ ಬಿಲ್ ಮಾಡಿದೆ. ಮೂಲ ಚಿತ್ರಕ್ಕೆ ಇಷ್ಟು. ಏಳು ತಿದ್ದುಪಡಿಯಲ್ಲಿ ಎರಡು ಸೇರಿಯೇ ಇವೆ, ಉಳಿದ ಐದಕ್ಕೆ ಇಷ್ಟು. ಮುದ್ರಣದ ಫೈಲಿಗೆ ಇಷ್ಟು. ಒಟ್ಟು ಬರೆದು, ಕೆಳಗೆ 'ರಿಯಾಯಿತಿ ನೂರಕ್ಕೆ ನೂರು' ಅಂತ ಹಾಕಿದೆ. ಕೊಡಬೇಕಾದ ಮೊತ್ತ ಸೊನ್ನೆ. ಅದನ್ನು ಸಂಸ್ಥೆಯವರಿಗೆ ವಾಟ್ಸಾಪ್ ಮಾಡಿದೆ. ಹುಡುಗನಿಗೂ ಒಂದು ಪ್ರತಿ ಕಳಿಸಿ, ಕ್ಯಾಲೆಂಡರ್ ಬಿಟ್ಟಿ ಮಾಡಲೇಬೇಕು ಅಂತಿದ್ದರೆ ಹೀಗಾದರೂ ಬರೆದುಕೊಡು ಅಂದೆ. ಅವನು ಹೆಬ್ಬೆರಳು ಎತ್ತಿದ್ದಾನೆ. ಏನರ್ಥವೋ.

ಸಂಸ್ಥೆಯವರ ಕಡೆ ನೀಲಿ ಟಿಕ್ ಬಿದ್ದಿದೆ, ಬಿಲ್ ಬಗ್ಗೆ ಉಸಿರಿಲ್ಲ. ಇವತ್ತು ಬೆಳಗ್ಗೆ ಆರೂವರೆಗೆ ಅವರಿಂದ ಒಂದು ಮೆಸೇಜ್ ಬಂತು. 'ಶುಭೋದಯ'. ಹಿಂದೆ ಜಲವರ್ಣದಲ್ಲಿ ಬರೆದ ಒಂದು ಗುಲಾಬಿ. ತುಂಬ ಚೆನ್ನಾಗಿತ್ತು, ಎಸಳಿನ ಅಂಚಿನಲ್ಲಿ ಕಾಗದದ ಬಿಳಿ ಹಾಗೇ ಉಳಿಸಿದ್ದರು. ಕೆಳಗೆ ಮೂಲೆಯಲ್ಲಿ, ಹೆಸರು ಇದ್ದಿರಬೇಕಾದ ಜಾಗದಲ್ಲಿ, ಅಳಿಸಿದ ಕಲೆ.